ಸೊನ್ನೆಯ ಜಾಗದ ಅಣ್ಣ

“ಇಷ್ಟು ಹೆಂಗಸರಿಗೆ ಒಬ್ಬನೇ ಗಂಡಸು ಅಣ್ಣ ಆಗುವುದು ಹೇಗೆ?”

ಸೌದಾ ಕೇಳಿದ್ದು ಯಾರನ್ನೂ ಅಲ್ಲ. ಮೂಡುಬಿದಿರೆಯ ಬಸ್ ನಿಲ್ದಾಣದ ಹತ್ತಿರದ ಕಟ್ಟಡವೊಂದರ ಮಾಳಿಗೆಯ ಕಚೇರಿಯಲ್ಲಿ, ಊಟದ ಹೊತ್ತಿನಲ್ಲಿ, ಅವಳೂ ಅವಳ ಕಂಪ್ಯೂಟರೂ ಬಿಟ್ಟರೆ ಇದ್ದದ್ದು ಕಿರುಗುಟ್ಟುವ ಒಂದು ಫ್ಯಾನು ಮಾತ್ರ. ಕೆಳಗಿನ ಜ್ಯೂಸ್ ಅಂಗಡಿಯವನು ಹಣ್ಣಿನ ಸಿಪ್ಪೆಯನ್ನೆಲ್ಲ ಹಿಂದಿನ ಗೋಡೆಯ ಬುಡಕ್ಕೆ ಸುರಿಯುತ್ತಿದ್ದ. ೨೦೦೮ರ ಆ ಬೇಸಗೆಯಿಡೀ ಕಚೇರಿಗೆ ಹುಳಿ ಬಂದ ಅನಾನಸಿನ ವಾಸನೆ. ಬುತ್ತಿಯ ಮುಚ್ಚಳ ತೆಗೆದರೆ ಅನ್ನಕ್ಕೂ ಅದೇ ವಾಸನೆ ಹತ್ತಿದಂತಾಗಿ ಸೌದಾ ಮುಚ್ಚಳ ಮತ್ತೆ ಹಾಕಿಬಿಟ್ಟಿದ್ದಳು.

ಪರದೆಯ ಮೇಲೆ ಹೆಂಗಸರ ಹೆಸರುಗಳು ಸಾಲಾಗಿ ನಿಂತಿದ್ದವು. ಬೆಳ್ತಂಗಡಿಯವರು, ಕನ್ಯಾನದವರು, ಬಂಟ್ವಾಳ ಪೇಟೆಯವರು. ಪ್ರತಿ ಹೆಸರಿನ ಮುಂದೆ ಜೊತೆಗೆ ಹೋಗುವ ಗಂಡಸಿನ ಹೆಸರು, ಅವನು ಅವಳಿಗೆ ಏನಾಗಬೇಕು ಎಂಬುದು. ಕೆಲವರ ಮುಂದೆ ಗಂಡ, ಕೆಲವರ ಮುಂದೆ ಮಗ. ಉಳಿದವರ ಮುಂದೆಲ್ಲ ಒಂದೇ ಬರಹ: ಸಹೋದರ, ಶಾಹುಲ್ ಹಮೀದ್.

ಶಾಹುಲ್ ಹಮೀದ್ ಹಾಜಿ ಎಂದರೆ ಬಿ.ಸಿ. ರೋಡಿನಲ್ಲಿ ಟ್ರಾವೆಲ್ಸ್ ಇಟ್ಟುಕೊಂಡು ವರ್ಷಕ್ಕೆ ಹಲವು ಸಲ ಮಕ್ಕಾಕ್ಕೆ ಉಮ್ರಾ ಯಾತ್ರೆಯ ಗುಂಪು ಕಟ್ಟುವವರು. ಗುಂಪಿನ ವಿವರಗಳನ್ನು ಜಿದ್ದಾದ ಏಜೆಂಟರ ಕಂಪ್ಯೂಟರಿಗೆ ಇಲ್ಲಿಂದಲೇ ಕಳಿಸುವ ವೆಬ್ ಸರ್ವೀಸ್ ಬರೆಯುವ ಕೆಲಸ ಸೌದಾಳ ಧಣಿ ಮುರಳಿಗೆ ಸಿಕ್ಕಿತ್ತು. ಮುರಳಿ ಅದನ್ನು ಸೌದಾಳ ಮಡಿಲಿಗೆ ಹಾಕಿದ್ದ. “ನಿಮ್ಮವರದ್ದೇ ಕೆಲಸ, ನೀನೇ ಮಾಡು ಮಾರಾಯ್ತಿ. ನನಗೆ ಆ ಹೆಸರುಗಳ ಸ್ಪೆಲ್ಲಿಂಗೇ ತಲೆಗೆ ಹೋಗುವುದಿಲ್ಲ.”

ಅವಳು ಪ್ರೀತಿಯಿಂದ ಮಾಡಿದ್ದಳು. ಸುಲಭದ್ದಾಗಿರಲಿಲ್ಲ. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು ಸಮುದ್ರದಾಚೆಯ ಇನ್ನೊಂದು ಯಂತ್ರಕ್ಕೆ ತಿಳಿಯಬೇಕಾದರೆ ಅಂಕೆ, ಅಕ್ಷರ, ದಿನಾಂಕಗಳಿಗೆ ತೊಂದರೆಯಿಲ್ಲ, ಅವನ್ನು ಎರಡೂ ಕಡೆಯವರು ಬಲ್ಲರು. ನಾವೇ ಹುಟ್ಟಿಸಿದ ಬಗೆಗಳನ್ನು, ಎಂದರೆ ಟೈಪುಗಳನ್ನು, ಆ ಕಡೆಯವರು ಅರಿಯರು. ಸೌದಾ ‘ಯಾತ್ರಿಕ’ ಎಂಬ ಬಗೆ ಮಾಡಿದ್ದಳು, ‘ನೆಂಟಸ್ತಿಕೆ’ ಎಂಬ ಬಗೆ ಮಾಡಿದ್ದಳು. ಗುಂಪೆಂದರೆ ಯಾತ್ರಿಕರ ಒಂದು ಸಂಗ್ರಹ, ಪ್ರತಿ ಯಾತ್ರಿಕನೊಳಗೆ ನೆಂಟಸ್ತಿಕೆಗಳ ಇನ್ನೊಂದು ಸಂಗ್ರಹ. ಮೊದಲು ಹಾಗೆಯೇ ಕಳಿಸಿದಾಗ ಜಿದ್ದಾದಲ್ಲಿ ಬರಿಯ ಚಿಪ್ಪು ಹೋಗಿ ಮುಟ್ಟಿತ್ತು. ಯಾತ್ರಿಕರು ಇದ್ದರು, ಅವರೊಳಗೆ ಏನೂ ಇರಲಿಲ್ಲ. ಆಮೇಲೆ ಅವಳು ನಡುವೆ ಕೂತು ಎರಡೂ ಕಡೆಯ ಮಾತು ತಿರುಗಿಸುವ ಅಡಾಪ್ಟರ್ ಒಂದನ್ನು ಬರೆದಳು. ಮಾವನನ್ನು ಮಾವನಾಗಿ, ಅಳಿಯನನ್ನು ಅಳಿಯನಾಗಿ, ಒಬ್ಬರೂ ಉದುರದ ಹಾಗೆ, ಒಬ್ಬರೂ ಅದಲು ಬದಲಾಗದ ಹಾಗೆ ದಾಟಿಸಬೇಕು. ಎಲ್ಲರೂ ಸರಿಯಾಗಿ ದಾಟಿದ ದಿನ ಅವಳು ಬಂಟ್ವಾಳದ ಬಸ್ಸಿನಲ್ಲಿ ಸಿದ್ಧಕಟ್ಟೆಯವರೆಗೂ ಒಬ್ಬಳೇ ನಗುತ್ತಾ ಕೂತಿದ್ದಳು.

ಈಗ ಇದು. ತಪ್ಪು ತನ್ನದೇ ಇರಬೇಕು ಎಂದುಕೊಂಡಳು. ಇಂಥ ಸಂಗ್ರಹಗಳಲ್ಲಿ ಒಂದು ಹಳೆಯ ರೋಗ ಉಂಟು. ಇವಳ ಜೊತೆಗಾರ ಸಾಲಿನಲ್ಲಿ ಎಷ್ಟನೆಯವನು ಎಂದು ಹೇಳುವ ಅಂಕೆಯನ್ನು ತುಂಬಲು ಮರೆತರೆ ಅದು ತಾನಾಗಿ ಸೊನ್ನೆಯಾಗುತ್ತದೆ. ಜಾವಾ ಎಣಿಸುವುದು ಸೊನ್ನೆಯಿಂದ. ಸೊನ್ನೆಯೆಂದರೆ ಸಾಲಿನ ತಲೆಗೆ ನಿಂತವನು, ಗುಂಪಿನ ಮುಖಂಡ, ಅಮೀರ್ ಶಾಹುಲ್ ಹಮೀದ್. ಪ್ರೋಗ್ರಾಮಿನ ಬರಹವನ್ನು ಮೇಲಿಂದ ಕೆಳಗೆ ಓದಿದಳು. ಕೆಳಗಿನಿಂದ ಮೇಲೆ ಓದಿದಳು. ಅವಳು ಬರೆದದ್ದೆಲ್ಲ ಸರಿಯಾಗಿಯೇ ಇತ್ತು. ಅದರ ನಡುವೆ, ಅಡಾಪ್ಟರಿನ ಹೊಟ್ಟೆಯೊಳಗೆ, ಅವಳು ಬರೆಯದ ಒಂದು ಸಾಲು ಇತ್ತು. ಜಿದ್ದಾದವರು ಒಪ್ಪುವ ನೆಂಟಸ್ತಿಕೆ ಅಲ್ಲದಿದ್ದರೆ ‘ಸಹೋದರ’ ಎಂದು ಬರೆ, ಅಂಕೆಯ ಜಾಗದಲ್ಲಿ ಸೊನ್ನೆ ಹಾಕು. ಅಷ್ಟೇ.

ತೊಳೆದು ಕವುಚಿಟ್ಟ ಚೊಂಬನ್ನು ಎತ್ತಿ ನೋಡಿದರೆ ಒಳಗೆ ಯಾರೋ ಕಫ ಉಗಿದು ಹೋಗಿದ್ದಾರೆ. ಸೌದಾಳಿಗೆ ಹಾಗೆಯೇ ಆಯಿತು. ಕೀಲಿಮಣೆಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಅಷ್ಟರಲ್ಲಿ ಪಟ್ಟಿಯ ಕೊನೆಯ ಹೆಸರಿನ ಮೇಲೆ ಅವಳ ಕಣ್ಣು ಬಿತ್ತು: ಸಫಿಯಮ್ಮ, ವಾಮದಪದವು. ಸಹೋದರ, ಶಾಹುಲ್ ಹಮೀದ್.

ಸಫಿಯಮ್ಮ ಅವಳ ಉಮ್ಮನ ತಂಗಿ. ಸೌದಾ ಅವರನ್ನು ಎಲೇಮ, ಚಿಕ್ಕಮ್ಮ, ಎಂದು ಕರೆಯುವುದು. ಮಕ್ಕಳಿಲ್ಲದ ವಿಧವೆ, ನಲವತ್ತೈದು ಆಗಿರಲಿಲ್ಲ. ಆ ಪ್ರಾಯ ದಾಟದ ಹೆಂಗಸಿಗೆ ಗಂಡನೋ, ಮದುವೆ ಕೂಡದಷ್ಟು ಹತ್ತಿರದ ಗಂಡು ನೆಂಟನೋ ಜೊತೆಗಿಲ್ಲದೆ ಅಲ್ಲಿಯ ವೀಸಾ ಇಲ್ಲ. ಅಂಥ ನೆಂಟನಿಗೆ ಮಹ್ರಮ್ ಎನ್ನುತ್ತಾರೆ. ಎಲೇಮನಿಗೆ ಇದ್ದದ್ದು ಒಬ್ಬನೇ ಅಣ್ಣ, ಸುಹೈಬ್. ಸೌದಾ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಈಜಲು ಇಳಿದ ಆ ಮಾಮನನ್ನು ನೇತ್ರಾವತಿ ಹಿಂದೆ ಕೊಟ್ಟದ್ದು ಮರುದಿನ. ಬಲೆಯವರು ಮೇಲೆತ್ತಿದ ಆ ದೇಹವನ್ನು ಅಣ್ಣ ಎಂದು ಗುರುತಿಸಿದವರು ಎಲೇಮ. ಆ ಮಾಮನ ಜಾಗದಲ್ಲಿ ಈಗ ಶಾಹುಲ್ ಹಮೀದ್ ಕಾಲು ಚಾಚಿ ಕೂತಿದ್ದರು.

ಮುರಳಿ ಗೋಳಿಬಜೆಯ ಪೊಟ್ಟಣ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಕಾಗದದಲ್ಲಿ ಎಣ್ಣೆ ಒಸರಿ ಅವನ ಬೆರಳುಗಳು ಮಿನುಗುತ್ತಿದ್ದವು.

“ಸರ್, ಅಡಾಪ್ಟರಿಗೆ ಒಂದು ಸಾಲು ಸೇರಿಸಿದ್ದು ನೀವಾ?”

“ಓ, ಕಂಡಿತಾ?” ಅವನು ಒಂದು ಬಜೆ ಬಾಯಿಗೆ ಹಾಕಿಕೊಂಡು, ಅದೇ ಕೈಯಲ್ಲಿ ಅವಳ ಪರದೆಯನ್ನು ಮುಟ್ಟಿ ತೋರಿಸಿದ. ಗಾಜಿನ ಮೇಲೆ ಸಫಿಯಮ್ಮನ ಹೆಸರಿನ ಹತ್ತಿರ ಎಣ್ಣೆಯ ಬೆರಳು ಮೂಡಿತು. “ಹಾಜಿಯವರು ಹೇಳಿದ್ದು. ಮೊನ್ನೆ ನೀನು ರಜೆಯಲ್ಲಿದ್ದೆ, ನಾನೇ ಹಾಕಿದೆ. ನೋಡು, ನೀನು ಬರೆದದ್ದು ಅಷ್ಟು ಚಂದ ಉಂಟು, ಒಂದೇ ಸಾಲಿನಲ್ಲಿ ಕೆಲಸ ಆಯಿತು. ಬೇರೆಯವರು ಬರೆದದ್ದಾದರೆ ಒಂದು ವಾರ ಬೇಕಿತ್ತು.”

ಆ ಹೊಗಳಿಕೆಗೆ ಸೌದಾ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

“ಸರ್, ಇದು ಸುಳ್ಳು. ಇವರು ಯಾರಿಗೂ ಅವರು ಅಣ್ಣ ಅಲ್ಲ.”

“ನಾವು ಮ್ಯಾಪ್ ಮಾಡುವವರು ಮಾರಾಯ್ತಿ, ಜಾತಕ ನೋಡುವವರಲ್ಲ. ಈ ಕಡೆಯ ಟೈಪನ್ನು ಆ ಕಡೆಯ ಟೈಪಿಗೆ ಕೂರಿಸಿದರೆ ನಮ್ಮ ಕೆಲಸ ಮುಗಿಯಿತು.”

“ಇದು ಕೂರಿಸಿದ್ದಲ್ಲ. ತುರುಕಿದ್ದು.”

“ಜಿದ್ದಾದವರೇ ಸುಮ್ಮನಿದ್ದಾರೆ. ಅವರ ಸರ್ವೀಸ್ ನೋಡುವುದು ಜಾಗ ತುಂಬಿದೆಯಾ ಇಲ್ಲವಾ ಅಂತ ಮಾತ್ರ. ನಿನಗೆ ಎಂತಕ್ಕೆ ತಲೆಬಿಸಿ?” ಅವನು ಪೊಟ್ಟಣವನ್ನು ಅವಳತ್ತ ನೀಡಿದ. “ತಿನ್ನು, ಬಿಸಿ ಉಂಟು. ಭಕ್ತಿಯನ್ನು ಚಪ್ಪಲಿಯೊಟ್ಟಿಗೆ ಮೆಟ್ಟಿಲಲ್ಲಿ ಬಿಟ್ಟು ಬರಬೇಕು. ನಾನೂ ಹಾಗೆಯೇ ಮಾಡುವುದು.”

ಅವಳು ತಿನ್ನಲಿಲ್ಲ. ಅವನು ಕೈ ತೊಳೆಯಲು ಹೋದಾಗ ಆ ಸಾಲನ್ನು ಅಳಿಸಿದಳು. ಸಂಜೆ ಹೊರಡುವ ಮುಂಚೆ ನೋಡಿದರೆ ಅದು ಮತ್ತೆ ಅಲ್ಲೇ ಇತ್ತು. ಮರುದಿನ ಬಂದು ತೆರೆಯಲು ನೋಡಿದರೆ ಅಡಾಪ್ಟರಿನ ಬಾಗಿಲೇ ಅವಳಿಗೆ ಮುಚ್ಚಿತ್ತು. ಮುರಳಿ ಗುಪ್ತಪದ ಬದಲಿಸಿದ್ದ.

ಸರಿ, ಹಾಜಿಯವರನ್ನೇ ಕೇಳುವ ಎಂದು ಅವಳು ಬಿ.ಸಿ. ರೋಡಿಗೆ ಹೋದಳು. ಟ್ರಾವೆಲ್ಸಿನ ಗಾಜಿನ ಬಾಗಿಲು ತಳ್ಳಿದೊಡನೆ ಎ.ಸಿ.ಯ ತಂಪಿನೊಂದಿಗೆ ಅತ್ತರು ಮುಖಕ್ಕೆ ಬಡಿಯಿತು. ಒಂದರ ಮೇಲೊಂದು ಬಳಿದ, ಯಾವ ಹೂವಿನದೆಂದು ಹೇಳಲಾಗದಷ್ಟು ದಪ್ಪವಾದ ವಾಸನೆ. ಶಾಹುಲ್ ಹಮೀದ್ ಹಾಜಿ ಬಿಳಿ ಜುಬ್ಬಾದಲ್ಲಿ ಮೇಜಿನ ಹಿಂದಿದ್ದರು. ಒಳ್ಳೆಯ ಮೈಕಟ್ಟು, ಮೆಹಂದಿ ಹಚ್ಚಿದ ಗಡ್ಡ, ನಗುವಾಗ ಕಣ್ಣಿನ ಸುತ್ತ ಗೆರೆ ಬೀಳುವ ಮುಖ. ಕಂಡವರು ಯಾರಾದರೂ ಇವರನ್ನು ನಂಬುತ್ತಿದ್ದರು. ಸೌದಾಳೂ ನಂಬಿದ್ದಳು. ಎಲೇಮನ ಪಾಸ್‌ಪೋರ್ಟನ್ನು ಇದೇ ಮೇಜಿನ ಮೇಲೆ ತಂದಿಟ್ಟವಳು ಅವಳೇ.

“ಬಾ ಮೋಳೆ, ಕೂತುಕೋ.” ಸ್ವಂತ ಮಗಳನ್ನು ಕರೆದ ಹಾಗಿತ್ತು. “ಮುರಳಿ ಫೋನ್ ಮಾಡಿದ್ದ. ನಿನಗೆ ಏನೋ ಸಂಶಯವಂತೆ.”

“ಸಂಶಯ ಅಲ್ಲ ಹಾಜಿಯವರೇ. ನಿಮ್ಮನ್ನು ಎಲ್ಲರ ಅಣ್ಣ ಅಂತ ಕಳಿಸುತ್ತಾ ಇದ್ದೇವೆ.”

“ನೋಡು, ನಂಬಿಕಸ್ಥ ಹೆಂಗಸರ ಗುಂಪಿನಲ್ಲಿ ಹೋಗಬಹುದು ಅಂತ ನಮ್ಮ ಮದ್ಹಬಿನ ಕಾನೂನಿನಲ್ಲೇ ಉಂಟು. ಬೇಕಾದರೆ ಉಸ್ತಾದರನ್ನು ಕೇಳು.”

“ಹಾಗಾದರೆ ಹಾಗೆಯೇ ಬರೆಯುವ. ಹೆಂಗಸರ ಗುಂಪು ಅಂತ.”

“ಅದಕ್ಕೆ ವೀಸಾ ಕೊಡುವುದಿಲ್ಲ ಅವರು.”

“ಕೊಡದಿದ್ದರೆ ಹೋಗಲಿಕ್ಕಿಲ್ಲ.”

ಹಾಜಿ ಮಗುವಿನ ಮಾತು ಕೇಳಿದವರಂತೆ ನಕ್ಕರು. “ಗುಂಪಿನ ಹೆಂಗಸರೆಲ್ಲ ನನ್ನನ್ನು ಇಚ್ಚ, ಅಣ್ಣ ಅಂತಲೇ ಕರೆಯುವುದು. ನಾನು ಅವರ ಸಾಮಾನು ಹೊರುತ್ತೇನೆ, ಜ್ವರ ಬಂದರೆ ಮದ್ದು ತರುತ್ತೇನೆ. ಸ್ವಂತ ಅಣ್ಣ ಇಷ್ಟು ಮಾಡುತ್ತಾನಾ? ಇದರಲ್ಲಿ ಸುಳ್ಳು ಎಲ್ಲುಂಟು ಹೇಳು.”

“ಹಾಗಾದರೆ ನೀವು ನನಗೆ ಮಾಮ ಆಗಬೇಕು. ಸಫಿಯಮ್ಮ ನನ್ನ ಉಮ್ಮನ ತಂಗಿ.”

“ಆಗುವ. ಅದಕ್ಕೆಂತ ಕಷ್ಟ?” ಖರ್ಜೂರದ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಸರಿಸಿದರು. “ಮದೀನದ್ದು. ತೆಗೆದುಕೋ.”

ಖರ್ಜೂರಗಳು ಒಂದಕ್ಕೊಂದು ಅಂಟಿಕೊಂಡು ಹೊಳೆಯುತ್ತಿದ್ದವು. ಸೌದಾ ಕೈ ಚಾಚಲಿಲ್ಲ. “ಅವರಿಗೆ ಗೊತ್ತುಂಟಾ ಇದು?”

“ಅವರಿಗೆ ಯಾಕೆ ಹೇಳಬೇಕು? ತಿಳಿಯದವರಿಗೆ ದೋಷ ಇಲ್ಲ. ಆ ಭಾರ ನಾನು ಹೊರುತ್ತೇನೆ.” ಅವರ ದನಿ ಇನ್ನಷ್ಟು ಮೆತ್ತಗಾಯಿತು. “ನಿನ್ನ ಎಲೇಮನ ಕಣ್ಣಿನ ವಿಷಯ ನೀನೇ ಹೇಳಿದ್ದಲ್ಲವಾ ನನಗೆ? ಕಾಬಾ ಕಾಣಬೇಕು ಅಂತ ಅವಳಿಗೆ ಎಷ್ಟು ಆಸೆ ಉಂಟು. ಇನ್ನೆರಡು ವರ್ಷ ಆ ಕಣ್ಣು ಕಾಯುತ್ತದಾ? ನೀನು ತೆಗೆಯುವುದು ಸಾಲನ್ನಲ್ಲ ಮೋಳೆ, ಅವಳ ಕಣ್ಣೆದುರಿನ ಕಾಬಾವನ್ನು. ಆಲೋಚನೆ ಮಾಡು.”

ಅವಳು ಎದ್ದು ಹೊರಗೆ ಬಂದಳು. ಬಿಸಿಲಿಗೆ ನಿಂತರೂ ಬಟ್ಟೆಯಿಂದ ಅತ್ತರು ಹೋಗಲಿಲ್ಲ. ಮನೆಗೆ ಬಂದು ತಲೆಗೆ ನೀರು ಹುಯ್ದುಕೊಂಡಳು. ಆದರೆ ಅವರು ಹೇಳಿದ ಕೊನೆಯ ಮಾತಿನಲ್ಲಿ ಸುಳ್ಳು ಇರಲಿಲ್ಲ. ಅದನ್ನು ತೊಳೆಯಲಾಗಲಿಲ್ಲ.

ಎಲೇಮನ ಕಣ್ಣಿನ ನರ ಒಣಗುತ್ತಿತ್ತು. ನೋಟ ಬದಿಗಳಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತಿತ್ತು. ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದ್ದು ಇಲ್ಲ. ಹೋದದ್ದು ಬರುವುದಿಲ್ಲ, ಉಳಿದದ್ದು ಎಷ್ಟು ದಿನ ಎಂದು ಹೇಳಲಾಗದು ಎಂದಿದ್ದರು ಡಾಕ್ಟರು. ಅದನ್ನು ಕೇಳಿದ ಮೇಲೆ ಎಲೇಮ ಬೇರೆ ಯಾವುದಕ್ಕೂ ಆಸೆಪಟ್ಟವರಲ್ಲ. ಕಾಬಾವನ್ನು ಒಮ್ಮೆ ಕಣ್ಣು ತುಂಬ ನೋಡಿ ಬರಬೇಕು, ಆಮೇಲೆ ಕತ್ತಲೆಯಾದರೆ ಆಗಲಿ. ಹೆಂಗಸರ ಗುಂಪಿನಲ್ಲಿ ಹೋಗಬಹುದು, ಏನೂ ಅಡ್ಡಿಯಿಲ್ಲ ಎಂದು ಹಾಜಿ ಹೇಳಿದ ದಿನ ಅವರು ಮನೆಯ ಮೆಟ್ಟಿಲಲ್ಲೇ ಹಣೆ ನೆಲಕ್ಕೆ ಹಚ್ಚಿ ಸುಜೂದಿಗೆ ಬಿದ್ದಿದ್ದರು.

ಹೇಳದಿದ್ದರೆ ಎಲೇಮ ಹೋಗಿ ಬರುತ್ತಾರೆ. ಹೇಳಿದರೆ ಹೋಗುವುದಿಲ್ಲ. ಸೌದಾಳಿಗೆ ಎರಡನೆಯದರಲ್ಲಿ ಸಂಶಯವೇ ಇರಲಿಲ್ಲ. ಅದಕ್ಕೇ ಅವಳು ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಂಡ ಬಾಯಿಯಲ್ಲಿ ಹಳಸಿದ ಗಂಜಿಯ ರುಚಿ ದಿನವಿಡೀ ಇರುತ್ತಿತ್ತು.

ಆ ಭಾನುವಾರ ಬೆಳ್ತಂಗಡಿಯ ಮದ್ರಸದ ಹಾಲಿನಲ್ಲಿ ಯಾತ್ರಿಕರಿಗೆ ತರಗತಿ. ಎಲೇಮನನ್ನು ಕೈಹಿಡಿದು ಕರೆದುಕೊಂಡು ಹೋಗಲು ಸೌದಾಳೇ ಬೇಕಾಯಿತು. ಹೆಂಗಸರು ಪರದೆಯ ಈಚೆಗೆ, ಗಂಡಸರು ಆಚೆಗೆ. ಮೈಕಿನಲ್ಲಿ ಶಾಹುಲ್ ಹಮೀದ್ ಹಾಜಿ. ಮೊದಲು ಒಂದು ಬೈತ್, ಭಕ್ತಿಯ ಹಾಡು, ಹಾಡಿದರು.

ಸೌದಾ ಇಂಥವನ್ನು ಕೇಳಿ ಬೆಳೆದವಳು. ಗುರುವಾರ ಸಂಜೆಯ ಮಗ್ರಿಬ್ ನಮಾಜು ಕಳೆದ ಮೇಲೆ ಅವಳ ಬಾಪ ಮಾಲೆಯ ಪದ್ಯಗಳನ್ನು ಓದಲು ಕೂತರೆ ಮನೆಯಲ್ಲಿ ಪಾತ್ರೆಯ ಸದ್ದು ಕೂಡ ನಿಲ್ಲುತ್ತಿತ್ತು. ಬಾಗಿಲ ದಾರಂದಕ್ಕೆ ಒರಗಿ ಅವಳು ಅರ್ಥ ತಿಳಿಯುವ ಮುಂಚೆಯೇ ದನಿಯ ಏರಿಳಿತ ಕಲಿತವಳು. ಬಾಪನ ದನಿ ಒಡಕು, ಉಸಿರು ಗಿಡ್ಡ. ಸಾಲಿನ ನಡುವೆ ನಿಂತು ಎಳೆದುಕೊಳ್ಳುತ್ತಿದ್ದರು. ಆದರೂ ಕೇಳಿದವರ ಎದೆ ಕರಗುತ್ತಿತ್ತು. ಹಾಜಿಯವರದ್ದು ಹಾಗಲ್ಲ. ತುಪ್ಪ ಸುರಿದ ಹಾಗೆ ದನಿ. ಎಲ್ಲಿ ನಡುಗಬೇಕೋ ಅಲ್ಲಿ ನಡುಗುತ್ತದೆ, ಎಲ್ಲಿ ಒಡೆಯಬೇಕೋ ಅಲ್ಲಿ ಒಡೆಯುತ್ತದೆ. ಇಷ್ಟು ಚಂದದ ದನಿಯನ್ನು ಅವಳು ಊರಲ್ಲಿ ಕೇಳಿರಲಿಲ್ಲ. ಅದು ಚಂದವಾಗಿದ್ದದ್ದೇ ಅವಳಿಗೆ ಅಸಹ್ಯವಾಗತೊಡಗಿತು. ತನ್ನ ರೋಮ ನಿಮಿರಿದ್ದನ್ನು ಕಂಡು ತನ್ನ ತೋಳೇ ಅಸಹ್ಯವಾಯಿತು.

“ಯಾತ್ರೆಯ ಬಟ್ಟೆ ಇಹ್ರಾಮ್ ತೊಟ್ಟ ಮೇಲೆ ಒಂದು ಇರುವೆಗೂ ನೋವು ಮಾಡಬಾರದು,” ಎಂದರು ಹಾಜಿ. “ಒಂದು ಸುಳ್ಳೂ ನಾಲಿಗೆಯಲ್ಲಿ ಬರಬಾರದು. ಆ ಮನೆಯ ಎದುರು ನಿಲ್ಲುವಾಗ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಹೆಸರಿಲ್ಲ, ಮನೆತನ ಇಲ್ಲ, ನೆಂಟರಿಲ್ಲ. ನೀವು ಮತ್ತು ಅವನು, ಅಷ್ಟೇ.” ಅವರು ಅತ್ತರು. ಪರದೆಯ ಈಚೆ ಹೆಂಗಸರೆಲ್ಲ ಬಿಕ್ಕಿದರು. ಎಲೇಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು, ಬೆರಳ ಸಂದಿಯಿಂದ ನೀರು ಇಳಿಯುತ್ತಿತ್ತು.

ಸೌದಾ ಎದ್ದು ಹಿಂದಿನ ನಳ್ಳಿಗೆ ಹೋದಳು. ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಳೂ ಮಾಡುವ ಕಟ್ಟೆಯ ಮೇಲೆ ಬಗ್ಗಿ, ಬೆಳಗಿನಿಂದ ತಿಂದದ್ದನ್ನೆಲ್ಲ ಕಕ್ಕಿದಳು. ಆಮೇಲೆ ಕಟ್ಟೆಯನ್ನು ಚೆನ್ನಾಗಿ ತೊಳೆದಳು.

ತರಗತಿ ಮುಗಿದ ಮೇಲೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳೂ ಎಲೇಮನೂ ಬಸ್ಸಿಗೆ ಕಾಯುತ್ತಿದ್ದರು. ಎಲೇಮನ ಇನ್ನೊಂದು ಪಕ್ಕಕ್ಕೆ, ಅದೇ ಗುಂಪಿನ, ಬೆಳ್ತಂಗಡಿಯವಳೇ ಆದ ಮುರ್ಶಿದಾ ಎಂಬಾಕೆ ಮಾತಿಗೆ ಕೂತಿದ್ದಳು. ಗಂಡ ಬಿಟ್ಟುಹೋದವಳು, ಮಾತು ಜೋರು. ಎಲೇಮನನ್ನು ಅಕ್ಕ ಎಂಬರ್ಥದ ‘ದಾ’ ಸೇರಿಸಿ ಕರೆಯುತ್ತಿದ್ದಳು. “ಇಚ್ಚನ ದನಿ ಕೇಳಿದಿರಾ ಸಫಿಯಾದಾ? ಆ ದನಿ ಕೇಳಿಯೇ ನಾನು ಅರ್ಧ ಮಕ್ಕಾಕ್ಕೆ ಹೋಗಿ ಮುಟ್ಟಿದೆ.”

“ಹೌದು. ಇಂಥವರ ಜೊತೆ ಹೋಗುವುದೂ ಒಂದು ಪುಣ್ಯ,” ಎಂದರು ಎಲೇಮ. ಆಮೇಲೆ ಸೌದಾಳ ಕಡೆ ಮುಖವನ್ನು ಪೂರ್ತಿ ತಿರುಗಿಸಿದರು. ಹಾಗೆ ತಿರುಗಿಸದಿದ್ದರೆ ಅವರಿಗೆ ಕಾಣುತ್ತಿರಲಿಲ್ಲ. “ನಿನಗೆ ಎಂತ ಆಯಿತು? ನಡುವೆ ಎದ್ದು ಹೋದೆ.”

ಆ ಮುಖದ ಎದುರು ಅವಳ ಬಾಯಿ ನಿಲ್ಲಲಿಲ್ಲ. ಅವಳು ಹೇಳಿಬಿಟ್ಟಳು. ಜಾವಾ, ಅಡಾಪ್ಟರ್ ಯಾವುದೂ ಬೇಕಾಗಲಿಲ್ಲ. “ನೀವು ಅವರ ತಂಗಿ ಅಂತ ಬರೆದು ಕಳಿಸಿದ್ದಾರೆ ಎಲೇಮ. ಈ ಮುರ್ಶಿದಾರನ್ನೂ ಹಾಗೆಯೇ. ಗಂಡು ದಿಕ್ಕಿಲ್ಲದ ಎಲ್ಲರನ್ನೂ.”

ಬಸ್ಸೊಂದು ಬಂದು ನಿಂತು, ಕಂಡಕ್ಟರ್ ಊರುಗಳ ಹೆಸರು ಕೂಗಿ, ಹೋಯಿತು.

“ಅಣ್ಣ ಅಂತಲಾ?” ಎಂದರು ಎಲೇಮ.

“ಹೌದು.”

“ನನ್ನ ಇಚ್ಚನ ಹೆಸರು ಅಳಿಸಿಯಾ?”

“ಸುಹೈಬ್ ಮಾಮನ ಹೆಸರು ಅಲ್ಲಿ ಇರಲಿಲ್ಲ. ತೀರಿಹೋದವರನ್ನು ಬರೆಯಲಿಕ್ಕೆ ಅಲ್ಲಿ ಜಾಗ ಇಲ್ಲ. ಅದು ಖಾಲಿ ಇತ್ತು.”

“ಖಾಲಿ ಇದ್ದದ್ದನ್ನು ಖಾಲಿಯೇ ಬಿಡಬೇಕಿತ್ತು,” ಎಂದರು ಎಲೇಮ.

ಮುರ್ಶಿದಾ ಸೌದಾಳನ್ನು ಹುಳುವನ್ನು ನೋಡುವ ಹಾಗೆ ನೋಡಿದಳು. “ಕಲಿತವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಲ್ಲವಾ? ಸುಳ್ಳು ಅವರದ್ದು. ನಿಯ್ಯತ್ತು, ಮನಸ್ಸಿನ ಸಂಕಲ್ಪ, ನನ್ನದು. ನಾನು ಹೋಗ್ತೇನೆ. ಸಫಿಯಾದಾ, ನೀವೂ ಕೇಳದ ಹಾಗೆ ಇದ್ದುಬಿಡಿ.”

“ನೀನು ಹೋಗು ಮುರ್ಶಿದಾ. ನಿನ್ನದ್ದು ನಿನ್ನದು. ನನ್ನ ಹೆಸರು ಹೇಳಿ ಅಲ್ಲಿ ಒಂದು ದುಆ ಮಾಡು.” ಎಲೇಮ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು. “ನನ್ನಿಂದ ಆಗುವುದಿಲ್ಲ. ಕಾಬಾದ ಎದುರು ನಿಂತಾಗ ನನಗೆ ಬಲೆಯಲ್ಲಿ ಬಂದ ನನ್ನ ಇಚ್ಚನ ಮುಖ ಕಂಡರೆ ಎಂತ ಮಾಡುವುದು? ನನಗೆ ಎದುರಿಗಿರುವುದು ಮಾತ್ರ ಕಾಣುವುದು.”

ಬಸ್ಸಿನಲ್ಲಿ ಅವರು ಸೌದಾಳನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪುಂಜಾಲಕಟ್ಟೆ ದಾಟಿದ ಮೇಲೆ ಒಮ್ಮೆ, ಕಿಟಕಿಯ ಹೊರಗೆ ನೋಡುತ್ತಾ, “ನಲವತ್ತೈದು ಆಗಲಿಕ್ಕೆ ಇನ್ನೆಷ್ಟು ಉಂಟು?” ಎಂದು ಲೆಕ್ಕ ಕೇಳಿದರು. ಸೌದಾ ಹೇಳಿದಳು. “ಓ,” ಎಂದರು. ಅವರು ಹೊರಗೆ ನೋಡುತ್ತಿದ್ದ ಕಡೆ ಬರಿಯ ಗೋಡೆಗಳು ಬಂದರೂ ಮುಖ ತಿರುಗಿಸಲಿಲ್ಲ. ಕಂಡಷ್ಟನ್ನೂ ನೋಡಿ ಇಟ್ಟುಕೊಳ್ಳುತ್ತಿದ್ದರು.

ಮರುದಿನ ಸೌದಾ ಹೋಗಿ ಪಾಸ್‌ಪೋರ್ಟ್ ವಾಪಸು ತಂದಳು. ಹಾಜಿ ಮೇಜಿನ ಡ್ರಾಯರಿನಿಂದ ತೆಗೆದು ಕೊಟ್ಟರು. ಮೂಡುಬಿದಿರೆಯಲ್ಲಿ ಮುರಳಿ ಆ ಒಂದು ಹೆಸರನ್ನು ಸಂಗ್ರಹದಿಂದ ತೆಗೆದು, ಉಳಿದವರನ್ನೆಲ್ಲ ಸೊನ್ನೆಯ ಅಣ್ಣನ ಕೆಳಗೆ ಮತ್ತೆ ಜಿದ್ದಾಕ್ಕೆ ದಾಟಿಸಿದ. “ನೋಡು, ಒಬ್ಬಳನ್ನು ತೆಗೆದರೂ ಏನೂ ಮುರಿಯಲಿಲ್ಲ. ಅಷ್ಟು ಗಟ್ಟಿ ಉಂಟು ನಿನ್ನ ಕೆಲಸ,” ಎಂದ. ಅವನು ತಮಾಷೆಗೆ ಹೇಳಿದ್ದಲ್ಲ. ನಿಜವಾಗಿ ಮೆಚ್ಚಿಯೇ ಹೇಳಿದ್ದ. ಸೌದಾಳಿಗೆ ಆಮೇಲೆ ಆ ಕುರ್ಚಿಯಲ್ಲಿ ಕೂರುವಾಗ ಯಾರೋ ಎದ್ದುಹೋದ ಬೆವರಿನ ಬಿಸಿ ಅದರಲ್ಲಿ ಉಳಿದಿದೆ ಅನ್ನಿಸುತ್ತಿತ್ತು.

ಮಕ್ಕಾಕ್ಕೆ ಹೊರಡುವವರು ಹೊರಡುವ ಮುಂಚೆ ಮನೆ ಮನೆಗೆ ಹೋಗಿ ಪೊರುತ್ತ ಕೇಳುವುದು ಈ ಕಡೆಯ ಮಾಪಿಳ್ಳೆ ಮುಸ್ಲಿಮರಲ್ಲಿ ವಾಡಿಕೆ. ನಮ್ಮಿಂದ ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿಬಿಡಿ ಎಂದು ಕೈಹಿಡಿದು ಕೇಳಬೇಕು. ಕೇಳಿಸಿಕೊಂಡವರು, ಕೊಟ್ಟಿದ್ದೇವೆ, ನಮಗೂ ಅಲ್ಲಿ ದುಆ ಮಾಡಿ ಎನ್ನಬೇಕು. ಮನುಷ್ಯರ ಹತ್ತಿರ ಬಾಕಿ ಇಟ್ಟುಕೊಂಡು ಹೋದವನ ಪ್ರಾರ್ಥನೆ ಮೇಲೆ ಏರುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಜಮೀನಿನ ಗಡಿಗೆ ಹೊಡೆದಾಡಿದವರು ಕೂಡ ಆ ದಿನ ಇಲ್ಲ ಎಂದವರಲ್ಲ. ಸೌದಾ ಹುಟ್ಟಿದ ಮೇಲೆ ಇಲ್ಲ ಎಂಬ ಉತ್ತರವನ್ನು ಯಾವ ಮನೆಯಲ್ಲೂ ಕೇಳಿರಲಿಲ್ಲ.

ಗುಂಪು ಹೊರಡುವ ಹಿಂದಿನ ಶುಕ್ರವಾರ, ಜುಮಾ ನಮಾಜು ಕಳೆದು, ಶಾಹುಲ್ ಹಮೀದ್ ಹಾಜಿ ಬಂಟ್ವಾಳ ಪೇಟೆಯ ಅವಳ ಮನೆಯ ಮೆಟ್ಟಿಲು ಹತ್ತಿದರು. ಬಾಪ ಹಿರಿಹಿಗ್ಗಿ ಕುರ್ಚಿ ಎಳೆದರು. ಉಮ್ಮ ಶರಬತ್ತು ತಂದರು. ಡಾಕ್ಟರಿಗೆ ತೋರಿಸಲೆಂದು ಪೇಟೆಗೆ ಬಂದಿದ್ದ ಎಲೇಮ ಒಳಗಿನ ಬಾಗಿಲ ಬಳಿ ಕೂತಿದ್ದರು. ಸೌದಾ ಅವರ ಹಿಂದೆ ನಿಂತಿದ್ದಳು.

ಹಾಜಿ ಬಾಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಪೊರುತ್ತ ಕೊಡಬೇಕು ನೀವು.”

“ಕೊಟ್ಟಿದ್ದೇವೆ, ಕೊಟ್ಟಿದ್ದೇವೆ. ನಮ್ಮ ನಡುವೆ ಎಂತ ಉಂಟು?” ಎಂದರು ಬಾಪ. ಅವರ ಕಣ್ಣು ಒದ್ದೆಯಾಗಿತ್ತು.

ಉಮ್ಮನೂ ಕೊಟ್ಟರು. ಹಾಜಿ ಬಾಗಿಲ ಕಡೆ ತಿರುಗಿ ತಲೆ ತಗ್ಗಿಸಿದರು. “ಸಫಿಯಮ್ಮ, ನಿಮ್ಮ ಮನಸ್ಸಿಗೆ ನೋವಾಗಿದೆ. ನನಗೆ ಗೊತ್ತುಂಟು.”

ಎಲೇಮ ನೆಲ ನೋಡುತ್ತಾ ಹೇಳಿದರು. “ನನ್ನದ್ದು ಕೊಟ್ಟಾಯಿತು. ನೀವು ಅಲ್ಲಿಗೆ ಹೋಗುವವರು. ನಿಮ್ಮನ್ನು ಹಿಡಿದು ನಿಲ್ಲಿಸಲಿಕ್ಕೆ ನಾನು ಯಾರು?”

ಹಾಜಿಯ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಿತ್ತು. ಎಲೇಮನ ಕಣ್ಣಿಗೆ ಕಾಬಾ ಸಿಗದೆ ಹೋಗಿತ್ತು. ಈ ಮನುಷ್ಯನಿಗೆ ಎಲ್ಲವೂ ಸಿಗುತ್ತಿತ್ತು, ಕ್ಷಮೆ ಕೂಡ, ಶರಬತ್ತಿನೊಂದಿಗೆ.

“ಮೋಳೆ,” ಎಂದರು ಹಾಜಿ, “ಕೆಲಸದ ನಡುವೆ ನನ್ನದೊಂದು ಮಾತು ಹೆಚ್ಚುಕಡಿಮೆ ಆಗಿದ್ದರೆ ನೀನೂ ಪೊರುತ್ತ ಕೊಡು.”

“ಆ ಸಾಲು ಇನ್ನೂ ಉಂಟಾ?”

“ಯಾವ ಸಾಲು?” ಎಂದರು ಬಾಪ, ಅರ್ಥವಾಗದೆ.

“ಅದು ಆಫೀಸಿನ ವಿಷಯ ಮೋಳೆ. ಇದು ಬೇರೆ.”

“ಉಂಟಾ ಇಲ್ಲವಾ?”

ಹಾಜಿ ಶರಬತ್ತಿನ ಲೋಟವನ್ನು ಕೆಳಗಿಟ್ಟರು. “ಉಂಟು. ಎಲ್ಲರ ವೀಸಾ ಬಂದಾಯಿತು. ಇನ್ನು ತೆಗೆದರೆ ಅಷ್ಟೂ ಹೆಂಗಸರು ಅಳುತ್ತಾ ಮನೆಯಲ್ಲಿ ಕೂರಬೇಕು. ಮುಂದಿನ ಗುಂಪಿಗೂ ಅದು ಬೇಕು. ನಿನಗೆ ತಿಳಿಯುವುದಿಲ್ಲ.”

“ಸೌದಾ,” ಎಂದರು ಬಾಪ, ದನಿ ಏರಿಸದೆ. “ಯಾತ್ರೆಗೆ ಹೊರಟವರನ್ನು ಬಾಗಿಲಲ್ಲಿ ನಿಲ್ಲಿಸಬಾರದು. ಕೊಟ್ಟೆ ಅಂತ ಒಂದು ಮಾತು ಹೇಳಿಬಿಡು.”

ಉಮ್ಮ ಅವಳ ಮೊಣಕೈ ಹಿಡಿದು ಒತ್ತಿದರು. ಎಲೇಮ ಮುಖವನ್ನು ಪೂರ್ತಿ ತಿರುಗಿಸಿ ಅವಳನ್ನು ನೋಡಿದರು.

ಹಾಜಿ ಎದ್ದು ಎರಡು ಹೆಜ್ಜೆ ಹತ್ತಿರ ಬಂದರು. ಈ ಸಲ ಅವರ ದನಿಯಲ್ಲಿ ರಾಗವಿರಲಿಲ್ಲ. ಗಡ್ಡದ ಅಂಚು ಅದುರುತ್ತಿತ್ತು. ಹೆದರಿದ್ದರು, ನಿಜವಾಗಿಯೂ ಹೆದರಿದ್ದರು. “ನನ್ನ ಉಮ್ರಾ ನಿನ್ನ ಬಾಯಲ್ಲಿ ಉಂಟು ಮೋಳೆ. ನಾನು ನಿನ್ನ ಬಾಪನ ಪ್ರಾಯದವನು. ಕೇಳ್ತಾ ಇದ್ದೇನೆ. ಪೊರುತ್ತ ಕೊಡು.”

“ಇಲ್ಲ,” ಎಂದಳು ಸೌದಾ. “ನಾನು ಕೊಡುವುದಿಲ್ಲ.”